ಕೆಂಡನ ಮೂರನೇ ಚರಣ

ಕೆಂಡನ ಹೊಸ ಹಾಡು ಬರುವ ಶುಕ್ರವಾರ ಅಕ್ಕನನ್ನು ಮಾತಾಡಿಸುವ ಧೈರ್ಯ ಕನ್ನಡಕದ ಅಂಗಡಿಯ ಮಾಲೀಕನಿಗೂ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜನ್ನು ಫ್ರೇಮಿನ ಅಳತೆಗೆ ಅರೆಯುವ ಯಂತ್ರದ ಮುಂದೆ, ಬಲಗಿವಿಗೆ ಮಾತ್ರ ಇಯರ್‌ಫೋನು ಸಿಕ್ಕಿಸಿಕೊಂಡು ಅವಳು ಕೂತಿರುತ್ತಿದ್ದಳು. ಎಡಗಿವಿ ಯಂತ್ರದ ಪಾಲು. ಅರೆಯುವ ಸದ್ದು ಕೀರಲಾದರೆ ಗಾಜಿನ ಅಂಚಿನಲ್ಲಿ ಚಕ್ಕೆ ಏಳುತ್ತದೆ, ಚಕ್ಕೆ ಎದ್ದರೆ ಮಾಲೀಕನೂ ಏಳುತ್ತಾನೆ. ಹದಿನಾಲ್ಕು ವರ್ಷದಿಂದ ಈ ಎರಡು ಕಿವಿಯ ಸಂಸಾರವನ್ನು ಅವಳು ತೂಗಿಸಿಕೊಂಡು ಬಂದಿದ್ದಳು. ಒಂದು ಗಾಜೂ ಹಾಳಾಗಿರಲಿಲ್ಲ.

ಮನೆಯಲ್ಲಿ ತಮ್ಮನಿಗೆ ಅಕ್ಕ, ಅಂಗಡಿಯಲ್ಲಿ ಕೌಂಟರಿನ ಹುಡುಗಿಗೆ ಅಕ್ಕ, ಕೆಂಡನ ಅಭಿಮಾನಿಗಳ ಬಳಗದಲ್ಲಿ ಅಕ್ಷರಕ್ಕ. ಈ ಕೊನೆಯ ಬಿರುದು ಪುಕ್ಕಟೆ ಬಂದದ್ದಲ್ಲ. ಕೆಂಡ ರ‍್ಯಾಪ್ ಹಾಡುವವನು. ಅವನ ನಾಲಿಗೆ ಓಡುವ ವೇಗಕ್ಕೆ ಅರ್ಧಕ್ಕರ್ಧ ಮಾತು ಕೇಳುವವರ ಕಿವಿಗೆ ಸಿಗದೆ ಹಾರಿಹೋಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಹಾಡು ಬಂದರೆ ಹನ್ನೆರಡರ ಹೊತ್ತಿಗೆ ಅದರ ಪದಪದವನ್ನೂ ಬಿಡಿಸಿ ಬಳಗದ ಪುಟಕ್ಕೆ ಹಾಕುವವಳು ಅಕ್ಕ. ಮೊದಲು ಹಳೆಯ ಕನ್ನಡಕದ ಚೀಟಿಗಳ ಹಿಂಬದಿಗೆ ಬರೆದುಕೊಳ್ಳುತ್ತಿದ್ದಳು. ಕೆಂಡ ಉಸಿರು ಎಳೆದುಕೊಳ್ಳುವ ಕಡೆ ಒಂದು ಸಣ್ಣ ಚುಕ್ಕೆ. ಚುಕ್ಕೆ ಇಲ್ಲದ ಬರಹ ಉಪ್ಪಿಲ್ಲದ ಅಡುಗೆ ಎನ್ನುವುದು ಅವಳ ಸಿದ್ಧಾಂತ. ನಲವತ್ತು ಸಾವಿರ ಜನ ಅದನ್ನು ಓದಿಕೊಂಡು ಜೊತೆಗೆ ಹಾಡುತ್ತಿದ್ದರು. ಕೆಂಡ ಆರದಂತೆ ಕಾಯುವುದು ಬೂದಿ ತಾನೆ ಎಂದು ಆ ಜನ ತಮ್ಮನ್ನು ತಾವೇ 'ಬೂದಿಗಳು' ಎಂದು ಕರೆದುಕೊಂಡಿದ್ದರು. ಮೂವತ್ತೊಂಬತ್ತು ತುಂಬಿದ ಮಗಳು ನಾನೊಂದು ಬೂದಿ ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗುವುದನ್ನು ನೋಡಿ ಅಮ್ಮ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೌಂಟರಿನ ಹುಡುಗಿಯದು ಬೇರೆಯದೇ ಮತ. ಅವಳು ಪಾಪ್ ಹಾಡುವ ಮಿಂಚುಳ್ಳಿಯ ಭಕ್ತೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಇಬ್ಬರಿಗೂ ಇದೇ ಜಗಳ. ಮಿಂಚುಳ್ಳಿಯ ಹಾಡು ಶಾಂಪೂ ಇದ್ದ ಹಾಗೆ, ನೊರೆಯೇ ಜಾಸ್ತಿ ಎಂದು ಅಕ್ಕ. ನಿಮ್ಮ ಕೆಂಡ ಎದುರು ಬೀದಿಯವನನ್ನು ಬೈಯುವುದು, ಎದುರು ಬೀದಿಯವನು ಕೆಂಡನನ್ನು ಬೈಯುವುದು, ನಲ್ಲಿಯ ಹತ್ತಿರದ ಜಗಳಕ್ಕೆ ತಾಳ ಹಾಕಿದರೆ ಅದೇ ನಿಮ್ಮ ಹಿಪ್‌ಹಾಪ್ ಎಂದು ಹುಡುಗಿ. ಅಲ್ಲಿಯವರೆಗೆ ತಮಾಷೆ. ಒಂದು ವಿಷಯದಲ್ಲಿ ಮಾತ್ರ ಅಕ್ಕ ತಮಾಷೆ ಸಹಿಸುತ್ತಿರಲಿಲ್ಲ. ಪಾಪಿನಲ್ಲಿ ಐದು ಜನ ಕೂತು ಬರೆಯಲಿ, ಆರನೆಯವಳು ಬಂದು ಹಾಡಲಿ, ಯಾರ ಗಂಟೂ ಹೋಗುವುದಿಲ್ಲ. ಹಿಪ್‌ಹಾಪಿನಲ್ಲಿ ಬರೆದ ಕೈ ಮತ್ತು ಹಾಡಿದ ಬಾಯಿ ಒಂದೇ ಮೈಯದ್ದಾಗಿರಬೇಕು. ಇನ್ನೊಬ್ಬನ ಹಸಿವನ್ನು ಎರವಲು ತಂದು ಹಾಡುವವನು ರ‍್ಯಾಪರ್ ಅಲ್ಲ, ಗಿಳಿ. ಕೆಂಡನೂ ಪ್ರತಿ ಸಂದರ್ಶನದಲ್ಲಿ ಎದೆ ಮುಟ್ಟಿಕೊಂಡು ಅದನ್ನೇ ಹೇಳುತ್ತಿದ್ದ, ನನ್ನ ಪೆನ್ನು ಇನ್ನೊಬ್ಬನ ಜೇಬಿನಲ್ಲಿಲ್ಲ ಎಂದು. ಅಕ್ಕ ಅದನ್ನು ದೇವರ ಮಾತಿನ ಹಾಗೆ ನಂಬಿದ್ದಳು.

ನಂಬಲು ಕಾರಣವೂ ಇತ್ತು. ಮೊದಲೆಲ್ಲ ಕೆಂಡ ಬರೀ ಜಂಬ ಕೊಚ್ಚುವವನು, ನನ್ನ ಕಾರು, ನನ್ನ ಸರ, ನನ್ನ ಶೂಸು. ಮೂರು ವರ್ಷದಿಂದೀಚೆಗೆ ಅವನ ಹಾಡುಗಳೊಳಗೆ ಬೇರೊಂದು ಮನೆ ಬಂದು ಕೂತಿತ್ತು. ಒಂದೇ ಕಿಟಕಿಯ ಕೋಣೆ, ಸೋಪಿನ ನೀರಿಗೆ ಬಿರಿದ ತಾಯಿಯ ಬೆರಳು, ಪರೀಕ್ಷೆಯ ದಿನ ಇಬ್ಬರಿಗೆ ಒಂದೇ ಪೆನ್ಸಿಲ್ಲನ್ನು ಮುರಿದು ಹಂಚುವುದು. "ನಮ್ಮನೆ ಒಳಗೇ ನಿಂತು ಬರ್ದ ಹಾಗಿದೆ ಕಣೋ" ಎಂದು ಊಟಕ್ಕೆ ಕೂತಾಗ ಅಕ್ಕ ಹೇಳಿದರೆ ತಮ್ಮ ತಲೆ ತಗ್ಗಿಸಿ ಉಣ್ಣುತ್ತಿದ್ದ. ಅವನೂ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲೇ ಕೆಲಸಕ್ಕಿದ್ದವನು. ಮೈಕು ನಿಲ್ಲಿಸುವುದು, ವೈರು ಸುತ್ತುವುದು ನನ್ನ ಕೆಲಸ ಎನ್ನುತ್ತಿದ್ದ. ಕೆಂಡನ ಹೆಸರೆತ್ತಿದರೆ, ಕೆಂಡವಂತೆ ಕೆಂಡ, ಬೆಂಕಿಪೊಟ್ಟಣದ ಯೋಗ್ಯತೆಯೂ ಇಲ್ಲ ಎಂದು ಗೇಲಿ ಮಾಡುತ್ತಿದ್ದ. ಆದರೂ ಪ್ರತಿ ಹಾಡು ಬಂದ ಸಂಜೆ, ನಿಮ್ಮ ಬೂದಿಗಳಿಗೆ ಯಾವ ಸಾಲು ಹಿಡಿಸಿತು, ಎಲ್ಲಿ ಅತ್ತರು ಎಂದು ಕೇಳದೆ ಬಿಡುತ್ತಿರಲಿಲ್ಲ. ತನ್ನ ಹುಚ್ಚಿಗೆ ತಮ್ಮ ತೋರಿಸುವ ಪ್ರೀತಿ ಅದು ಎಂದುಕೊಂಡು ಅಕ್ಕ ಎಲ್ಲವನ್ನೂ ಓದಿ ಹೇಳುತ್ತಿದ್ದಳು.

ಆ ಶುಕ್ರವಾರ ಬಂದ ಹಾಡಿನ ಹೆಸರು 'ಎಣಿಕೆ'. ಶುರುವಿನಲ್ಲಿ ಡ್ರಮ್ಮಿಲ್ಲ, ಒದ್ದೆ ಬಟ್ಟೆಯನ್ನು ಮೇಜಿಗೆ ಬಡಿದ ಸದ್ದು. ಅದರ ಮೇಲೆ ಕೆಂಡನ ದನಿ ಎಣಿಸುತ್ತ ಹೋಯಿತು. ನಾಲ್ಕು, ಐದು, ಆರು. ಆಮೇಲೆ ಒಂದು ಬೀಟು ಖಾಲಿ. ಆಮೇಲೆ ಎಂಟು. ಅಕ್ಕನ ಕೈ ನಿಂತಿತು. ಎಡಗಿವಿಯ ಕಡೆ ಯಂತ್ರ ಕೀರಲಿಟ್ಟದ್ದು ಅವಳಿಗೆ ಕೇಳಿಸಲೇ ಇಲ್ಲ. ಯಾರೋ ಹೆಡ್‌ಮಾಸ್ಟರರ ಹೊಸ ಗಾಜು ಅಂಚಿನಿಂದ ನಡುವಿನವರೆಗೆ ಸೀಳಿಹೋಯಿತು.

ಏಳನ್ನು ಬಿಟ್ಟು ಎಣಿಸುವವರು ಈ ಲೋಕದಲ್ಲಿ ಒಬ್ಬರೇ, ಅದು ಅವಳ ಅಮ್ಮ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿದ್ದವಳು. ಒಗೆದು ಒಣಗಿದ ಬೆಡ್‌ಶೀಟುಗಳನ್ನು ಹತ್ತತ್ತರ ಕಟ್ಟು ಮಾಡುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷದ ಹಿಂದೆ ಒಂದು ದಿನ ಏಳು ಎಂದು ಶೀಟು ಎತ್ತಿ ಇಡುವಾಗ, ಹತ್ತು ವರ್ಷದ ಮಗಳು ಬಾಗಿಲಲ್ಲಿ ಬಂದು ನಿಂತಿದ್ದು ಕಾಣಿಸಿತು. ಮನೆಯಲ್ಲಿ ಐದು ವರ್ಷದ ಚಿಕ್ಕವಳಿಗೆ ನಾಲ್ಕು ದಿನದಿಂದ ಜ್ವರ. ಅಮ್ಮನಿಗೆ ರಜೆ ಸಿಗದೆ, ಶಾಲೆ ಬಿಡಿಸಿ ದೊಡ್ಡವಳನ್ನು ಕಾವಲಿಗೆ ಕೂರಿಸಿದ್ದಳು. ಆ ಕಾವಲುಗಾರ್ತಿ ಬಾಗಿಲಲ್ಲಿ ಬಂದು ನಿಂತ ಮೇಲೆ ಬಾಯಿ ಬಿಟ್ಟು ಹೇಳುವುದೇನೂ ಉಳಿದಿರಲಿಲ್ಲ. ಅವತ್ತಿನಿಂದ ಅಮ್ಮನ ಬಾಯಲ್ಲಿ ಆ ಸಂಖ್ಯೆ ಬರಲಿಲ್ಲ. ಅವಳ ಪ್ರತಿ ಕಟ್ಟಿನಲ್ಲೂ ಒಂದು ಶೀಟು ಕಡಿಮೆ. ಮೇಜಿನ ಆ ಬದಿ ನಿಂತು ಮಡಚುತ್ತಿದ್ದ ಜೊತೆಗಾತಿ ಒಂದು ಮಾತೂ ಕೇಳದೆ ಪ್ರತಿ ಕಟ್ಟಿಗೂ ಒಂದನ್ನು ಸೇರಿಸುತ್ತ ಬಂದಳು, ಅಮ್ಮ ನಿವೃತ್ತಳಾಗುವವರೆಗೂ. ಮರುವರ್ಷ ಹುಟ್ಟಿದ ತಮ್ಮ ಅಮ್ಮನ ಮಡಿಲಲ್ಲೇ ಎಣಿಕೆ ಕಲಿತ. ಒಂದನೇ ತರಗತಿಯಲ್ಲಿ ತನಗೆ ಹನ್ನೊಂದು ಬೆರಳಿವೆ ಎಂದು ಮೇಷ್ಟ್ರ ಹತ್ತಿರ ಹಠ ಹಿಡಿದು ವಾದಿಸಿ, ಎರಡು ಏಟು ತಿಂದು ಬಂದ. ಅವತ್ತು ಅಮ್ಮ ಅವನ ಎರಡೂ ಕೈ ಹಿಡಿದುಕೊಂಡು ಬಹಳ ಹೊತ್ತು ಅತ್ತಳು.

ಅಕ್ಕ ಮತ್ತೆ ಹಾಡು ಹಚ್ಚಿ ಚೀಟಿಗಳ ಹಿಂಬದಿಗೆ ಬರೆದುಕೊಳ್ಳುತ್ತ ಹೋದಳು. ಮೊದಲನೇ ಚರಣದಲ್ಲಿ ಲಾಂಡ್ರಿ ಇತ್ತು, ಎರಡನೆಯದರಲ್ಲಿ ಹನ್ನೊಂದು ಬೆರಳಿತ್ತು. ಅಲ್ಲಿಯವರೆಗೂ ಅವಳ ತಲೆ, ಲಾಂಡ್ರಿಯವರು ಯಾರಾದರೂ ಹೇಳಿರಬಹುದು, ಲೋಕ ಸಣ್ಣದು ಎಂದು ದಾರಿ ಹುಡುಕುತ್ತಿತ್ತು. ಮೂರನೇ ಚರಣಕ್ಕೆ ಯಾವ ದಾರಿಯೂ ಉಳಿಯಲಿಲ್ಲ.

ಜ್ವರದ ಬಾಯಿ ನೀರು ಅಂದಿತು, ಹೊಸಿಲ ಮೇಲೆ ಕೂತವಳು ಕೇಳಿದಳು,
ಪಕ್ಕದ ಮನೆ ರೇಡಿಯೋ ಹಾಡ್ತಿತ್ತು, ಇದೊಂದು ಮುಗೀಲಿ ಅಂದಳು,
ಹಾಡು ಮುಗೀತು, ಲೋಟ ತುಂಬಿತು, ಕುಡಿಯೋರೇ ಇರಲಿಲ್ಲ.

ಇದು ಅಮ್ಮನಿಗೂ ಗೊತ್ತಿಲ್ಲದ ಮಾತು. ಚಿಕ್ಕವಳು ನಿದ್ದೆಯಲ್ಲೇ ಹೋದಳು, ಏನೂ ಕೇಳಲಿಲ್ಲ ಎಂದು ಹತ್ತು ವರ್ಷದ ಹುಡುಗಿ ಅವತ್ತು ಹೇಳಿದ್ದಳು. ಅಮ್ಮ ಆ ಮಾತಿನ ಮೇಲೇ ಇಷ್ಟು ವರ್ಷ ಬದುಕಿದ್ದಳು. ನನ್ನ ಮಗು ಕೊನೆಗೆ ಒಂದು ತೊಟ್ಟು ನೀರನ್ನೂ ಯಾರ ಹತ್ತಿರವೂ ಬೇಡದೆ ಹೋಯಿತು, ಅಷ್ಟಾದರೂ ಪುಣ್ಯ ಮಾಡಿತ್ತು ಎಂದು ಬಂದವರಿಗೆಲ್ಲ ಹೇಳಿಕೊಂಡು ಸಮಾಧಾನ ಪಡುತ್ತಿದ್ದಳು. ನಿಜವನ್ನು ಅಕ್ಕ ತನ್ನ ಜನ್ಮದಲ್ಲಿ ಒಬ್ಬರಿಗೆ, ಒಂದೇ ಸಲ ಹೇಳಿದ್ದಳು. ತಮ್ಮನಿಗೆ ಅವನ ಹತ್ತೊಂಬತ್ತನೇ ವಯಸ್ಸಿನಲ್ಲಿ ಜ್ವರ ಬಂದು, ಅಕ್ಕಾ ನೀರು ಎಂದಾಗ ಅವಳು ಓಡಿದ ರಭಸಕ್ಕೆ ಅರ್ಧ ನೀರು ಹಾಸಿಗೆಗೆ ಚೆಲ್ಲಿತು. ಯಾಕೆ ಹೀಗೆ ನಡುಗುತ್ತಿದ್ದೀ ಎಂದು ಅವನು ಕೇಳಿದ್ದಕ್ಕೆ, ತಡೆಯಲಾರದೆ ಎಲ್ಲವನ್ನೂ ಹೇಳಿ ಅತ್ತಿದ್ದಳು. ಅವನು ಅವಳ ಕೈಮೇಲೆ ಕೈಯಿಟ್ಟು, ಇದು ನನ್ನಲ್ಲೇ ಇರುತ್ತೆ ಎಂದಿದ್ದ.

ಅವತ್ತು ಹನ್ನೆರಡು ಗಂಟೆಗೆ ಅಕ್ಷರಕ್ಕನ ಬರಹ ಬರಲಿಲ್ಲ. ಬೂದಿಗಳು ತಾವೇ ಕೂತು ಪದ ಬಿಡಿಸಿದರು, ಖಾಲಿ ಬೀಟಿನ ಅರ್ಥಕ್ಕೆ ತಲೆಗೊಂದು ಕಥೆ ಕಟ್ಟಿದರು. ಊಟದ ಹೊತ್ತಿಗೆ ಕೌಂಟರಿನ ಹುಡುಗಿ ಫೋನು ಹಿಡಿದು ಓಡಿ ಬಂದಳು. ಕೆಂಡ ಸಂದರ್ಶನ ಕೊಡುತ್ತಿದ್ದ. ಇದು ನನ್ನ ತಾಯಿಯ ಕಥೆ, ನನ್ನ ತಂಗಿಯ ಕಥೆ, ಒಂದೇ ಪಟ್ಟಿಗೆ ಕೂತು ಅಳುತ್ತ ಬರೆದೆ ಎಂದು ಕಣ್ಣೊರೆಸಿಕೊಂಡ. ಹೋದ ವರ್ಷದ ಸಂದರ್ಶನದಲ್ಲಿ ಅವನ ತಾಯಿ ಬೇಕರಿಯಲ್ಲಿದ್ದಳು, ಅದಕ್ಕೂ ಹಿಂದಿನ ವರ್ಷ ಅವನು ಒಬ್ಬನೇ ಮಗನಾಗಿದ್ದ. ಅದೆಲ್ಲವನ್ನೂ ಅಕ್ಕನೇ ಬಳಗದ ಪುಟದಲ್ಲಿ ಬರೆದಿಟ್ಟಿದ್ದಳು. ನಿಮ್ಮವನು ಇವತ್ತು ನನ್ನನ್ನೂ ಅಳಿಸಿದ ಅಕ್ಕ ಎಂದಳು ಹುಡುಗಿ. ಅಕ್ಕ ಊಟದ ಡಬ್ಬಿ ಮುಚ್ಚಿ ಯಂತ್ರದ ಕಡೆ ಹೋದಳು.

ಸಂಜೆ ತಮ್ಮ ಬರುವ ಹೊತ್ತಿಗೆ ಅಮ್ಮ ಕೆಳಗಿನ ಮನೆಯವರ ಹತ್ತಿರ ಹರಟಲು ಹೋಗಿದ್ದಳು. ಅಕ್ಕ ಅಡುಗೆಮನೆಯಲ್ಲಿ ನಿಂತೇ ಇದ್ದಳು. ಯಾರು ಬರೆದದ್ದು ಎಂದು ಕೇಳಿದಳು. ಯಾವುದನ್ನು ಎಂದ ಅವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ಮುಖ. ಆಮೇಲೆ ಅವನೇ ಒಂದೊಂದಾಗಿ ಬಿಚ್ಚಿದ. ಮೂರು ವರ್ಷ, ಇಪ್ಪತ್ತೆರಡು ಹಾಡು, ಎಲ್ಲವೂ ತನ್ನದೇ. ಹೊರಗೆ ಬಾಯಿ ಬಿಡುವುದಿಲ್ಲ ಎಂದು ಕಾಗದಕ್ಕೆ ಸಹಿ ಹಾಕಿಕೊಟ್ಟದ್ದು. ವೈರು ಸುತ್ತುವ ಕೆಲಸ ಬರೀ ಹೇಳಿಕೊಳ್ಳಲು.

ಅಕ್ಕ ಗೋಡೆಗೆ ಒರಗಿದಳು. ಅವಳು ಚುಕ್ಕೆ ಇಟ್ಟು ಇಟ್ಟು ಬರೆದುಕೊಂಡದ್ದು ಕೆಂಡನ ಮಾತನ್ನಲ್ಲ. ಉಸಿರು ಮಾತ್ರ ಅವನದು, ಮಾತು ಈ ಅಡುಗೆಮನೆಯದು.

"ಮೂರು ವರ್ಷ ನನ್ನೆದುರು ಕೂತು ನನ್ನ ನೋಡಿ ನಗ್ತಾ ಇದ್ಯಾ?" ಎಂದಳು.

"ನಗ್ತಿರ್ಲಿಲ್ಲ. ನೀನು ಓದೋದನ್ನ ಕೇಳ್ತಿದ್ದೆ" ಎಂದ ತಮ್ಮ. ಅವನಿಗೂ ಸಿಟ್ಟು ಏರಿತು. "ಕಾಲೇಜಲ್ಲಿದ್ದಾಗ ನೋಟ್‌ಬುಕ್ ತಂದು ನಿನ್ ಮುಂದೆ ಇಟ್ಟೆ, ನೆನಪಿದ್ಯಾ? ಪ್ರಾಸ ಹೊಟ್ಟೆ ತುಂಬ್ಸಲ್ಲ ಅಂದೆ. ನನ್ ಬಾಯಲ್ಲಿ ಬಂದಾಗ ನಕ್ಕೆ, ಅವನ್ ಬಾಯಲ್ಲಿ ಬಂದಾಗ ಅತ್ತೆ."

ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಬರೀ ಗಾದೆಯಲ್ಲ. ಆ ಏಟು ಸರಿಯಾದ ಜಾಗಕ್ಕೇ ಬಿತ್ತು. ಆದರೆ ಅವಳು ಕೇಳಬೇಕಾದದ್ದು ಇನ್ನೂ ಇತ್ತು.

"ಹಾಡು ನಿಂದು, ಸರಿ. ಆ ನೀರು ಯಾರ್ದೋ?"

"ಅದಿಲ್ದೆ ಹಾಡು ನಿಲ್ತಿರ್ಲಿಲ್ಲ ಅಕ್ಕ" ಎಂದ ತಮ್ಮ.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು? ಅಕ್ಕನಿಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅಮ್ಮನಿಗೆ ಆ ವೇಗದ ಮಾತು ಅರ್ಥವಾಗುವುದಿಲ್ಲ, ಹಾಡಿನಲ್ಲಿ ಯಾರ ಹೆಸರೂ ಇಲ್ಲ, ಇನ್ನು ಎರಡು ವಾರಕ್ಕೆ ಜನ ಮರೆತು ಬೇರೆ ಹಾಡಿಗೆ ಹೋಗುತ್ತಾರೆ ಎಂದು ಅವನು ಸಮಾಧಾನ ಹೇಳುತ್ತಿದ್ದ. ಅವಳು ಅವನ ಬೆರಳುಗಳನ್ನೇ ನೋಡುತ್ತಿದ್ದಳು. ಎತ್ತಿ ಆಡಿಸಿದ ಕೂಸು, ತಾನು ನಂಬಿದ ಒಬ್ಬನೇ ಒಬ್ಬ, ಹೊಟ್ಟೆಯೊಳಗಿನ ಮಾತನ್ನು ಕದ್ದು ಊರಿಗೆಲ್ಲ ಹಂಚಿದ್ದಾನೆ. ಇಷ್ಟು ಮೋಸ ಅವಳಿಗೆ ಯಾರಿಂದಲೂ ಆಗಿರಲಿಲ್ಲ, ಮದುವೆಯಾದ ಮೂರೇ ವರ್ಷಕ್ಕೆ ಬಿಟ್ಟುಹೋದ ಗಂಡನಿಂದಲೂ ಆಗಿರಲಿಲ್ಲ. ಅಮ್ಮನ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿ ಇಬ್ಬರೂ ಬಾಯಿ ಮುಚ್ಚಿಕೊಂಡರು.

ಶನಿವಾರವೆಲ್ಲ ಅಕ್ಕ ರಜೆ ಹಾಕಿ ಅಮ್ಮನ ಕಿವಿ ಕಾದಳು. ಅವಳ ಫೋನಿನ ಚಾರ್ಜರನ್ನು ಹಿಟ್ಟಿನ ಡಬ್ಬದ ಹಿಂದೆ ಅಡಗಿಸಿದಳು. ಎದುರಿನ ಟೈರ್ ಅಂಗಡಿಯಲ್ಲಿ ಆ ಹಾಡು ಹಚ್ಚಿದರೆಂದು ಕಿಟಕಿ ಹಾಕಿದಳು, ಬಸ್ಸೊಂದು ಅದನ್ನೇ ಕೂಗಿಸುತ್ತ ಹೋಯಿತೆಂದು ಮಿಕ್ಸಿ ಹಾಕಿದಳು. ಖಾಲಿ ಮಿಕ್ಸಿ ಯಾಕೆ ತಿರುಗಿಸುತ್ತೀ ಎಂದು ಅಮ್ಮ ಬೈದಳು. ಹಾಡನ್ನು ಎಲ್ಲರಿಗೂ ಕೇಳಿಸಲು ವರ್ಷಗಟ್ಟಲೆ ಬೆವರು ಸುರಿಸಿದವಳು ಒಂದು ಹಾಡನ್ನು ಒಬ್ಬರಿಂದ ಬಚ್ಚಿಡಲು ಹೀಗೆ ಪಾಡು ಪಟ್ಟಳು.

ಭಾನುವಾರ ಬೆಳಿಗ್ಗೆ ಲಾಂಡ್ರಿಯ ಆ ಹಳೆಯ ಜೊತೆಗಾತಿ ಬಂದಳು. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೇ ಅಮ್ಮನ ಜೊತೆ ಹತ್ತು ನಿಮಿಷ ನಿಂತು ಮಾತಾಡಿ, ಸೆರಗಿನಿಂದ ಮುಖ ಒರೆಸಿಕೊಂಡು ಹೊರಟುಹೋದಳು. ಅಮ್ಮ ಒಳಗೆ ಬಂದು ಕುರ್ಚಿ ಎಳೆದು ಕೂತಳು. ಸಿಟ್ಟಿರಲಿಲ್ಲ. ಅವಳ ಮುಖದಲ್ಲಿ ಎಷ್ಟೋ ವರ್ಷದಿಂದ ಕಾಣದ ಒಂದು ಕಳೆ ಇತ್ತು. ನನ್ನ ಎಣಿಕೆಯನ್ನು ಯಾರೋ ಹಾಡು ಮಾಡಿದ್ದಾರಂತೆ, ನನ್ನ ಕಿವಿಗೆ ಆ ಓಟ ಹತ್ತುವುದಿಲ್ಲ, ಊರಿಗೆಲ್ಲ ಬರೆದು ಕೊಡುತ್ತೀಯಲ್ಲ, ನನಗೊಂದು ಸಲ ಓದು ಎಂದಳು. ತಮ್ಮ ಎದ್ದು ಹೋಗಲು ನೋಡಿದ. ನೀನೂ ಕೂತ್ಕೋ ಎಂದಳು ಅಮ್ಮ.

ಅಕ್ಕ ಚೀಟಿಗಳನ್ನು ತಂದಳು. ಮೊದಲನೇ ಚರಣ ಓದಿದಳು. ಮೇಜಿಗೆ ಬಡಿಯುವ ಶೀಟು, ಒಂದು ಮಾತೂ ಆಡದೆ ಒಂದನ್ನು ಸೇರಿಸುವ ಎದುರಿನ ಕೈ. ಅಮ್ಮ ಕಣ್ಣು ಮುಚ್ಚಿ ತಲೆದೂಗಿದಳು. ಎರಡನೇ ಚರಣದ ಹನ್ನೊಂದು ಬೆರಳಿಗೆ ನಕ್ಕೇಬಿಟ್ಟಳು. ಮಗನ ಕಡೆ ತಿರುಗಿ, ನಿನ್ನ ಸ್ಟುಡಿಯೋದಲ್ಲಿ ಹೇಳಿಕೊಂಡೆಯಾ ಎಂದಳು. ಅವನು ಹೌದೆಂದು ತಲೆ ಆಡಿಸಿದ. ಹೋಗಲಿ ಬಿಡು, ಹಾಗಾದರೂ ನನ್ನ ಮಗಳೊಬ್ಬಳು ಇದ್ದಳು ಅಂತ ನಾಲ್ಕು ಜನಕ್ಕೆ ಗೊತ್ತಾಯಿತಲ್ಲ ಎಂದಳು. ಅಕ್ಕ ಚೀಟಿಗಳನ್ನು ಮಡಚಿ, ಇಷ್ಟೇ ಅಮ್ಮ ಎಂದಳು.

"ಇನ್ನೊಂದು ಇದೆಯಂತಲ್ಲ, ಕೊನೇದು. ಅದನ್ನ ಕೇಳಿ ಅವ್ಳಿಗೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ವಂತೆ. ಏನಿದೆ ಅಂದ್ರೆ, ನಿನ್ ಮಗಳ ಹತ್ರಾನೇ ಕೇಳು ಅಂದ್ಲು."

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡುತ್ತಿದ್ದ. ಬೇರೆ ಏನಾದರೂ ಕಟ್ಟಿ ಓದಬಹುದಿತ್ತು, ಆದರೆ ಅದು ಅವಳ ಕೈಲಾಗದ ಕೆಲಸ. ಅವಳಿಗೆ ಬರುತ್ತಿದ್ದದ್ದು ಇದ್ದದ್ದನ್ನು ಇದ್ದ ಹಾಗೆ ಬರೆಯುವುದೊಂದೇ. ಮೂರನೇ ಚರಣವನ್ನು ಉಸಿರು ಬಿಡದೆ ಓದಿ ಮುಗಿಸಿದಳು.

ಅಮ್ಮನ ಮುಖದ ಕಳೆ ಇಳಿಯಿತು.

"ನೀರು ಕೇಳಿದ್ಲಾ?" ಎಂದಳು ಅಮ್ಮ.

ತಮ್ಮ ಥಟ್ಟನೆ ಬಾಯಿ ಹಾಕಿದ. ಅದು ಸುಮ್ಮನೆ ಕಟ್ಟಿದ್ದು ಎಂದ, ಹಾಡಿಗೆ ಕೊನೆಯಲ್ಲಿ ಒಂದು ಪೆಟ್ಟು ಬೇಕಿತ್ತು ಎಂದ, ಅಷ್ಟಕ್ಕೂ ಬರೆದದ್ದು ಕೆಂಡನಲ್ಲ, ನಾನೇ ಎಂದ. ಸಹಿ ಹಾಕಿದ ಕಾಗದದ ಭಯವನ್ನೂ ಬಿಟ್ಟು ಅವನು ಹೇಳುತ್ತ ಹೋದ. ಅಕ್ಕ ಒಂದು ಸಲ ತಲೆ ಆಡಿಸಿದ್ದರೆ ಸಾಕಿತ್ತು, ಎಲ್ಲವೂ ಮುಚ್ಚಿಹೋಗುತ್ತಿತ್ತು. ಆದರೆ ಅಮ್ಮ ಮಗನ ಕಡೆ ನೋಡುತ್ತಲೇ ಇರಲಿಲ್ಲ. ಎರಡು ದಿನದಿಂದ ಇಬ್ಬರು ಗಂಡಸರನ್ನು ಮನಸ್ಸಿನಲ್ಲೇ ಮೋಸಗಾರರೆಂದು ಶಪಿಸಿದ ಅಕ್ಕನಿಗೆ, ಅಮ್ಮನ ಎದುರು ಕೂತಿರುವ ಮೂರನೆಯ ಮೋಸಗಾರ್ತಿ ಯಾರೆಂದು ಗೊತ್ತಿತ್ತು.

"ಕೇಳಿದ್ಲು ಅಮ್ಮ" ಎಂದಳು. ತಮ್ಮನಿಗೂ ಹೇಳದೆ ಉಳಿಸಿಕೊಂಡದ್ದು ಒಂದಿತ್ತು, ಅದೂ ಹೊರಗೆ ಬಂತು. "ಎರಡು ಸಲ ಕೇಳಿದ್ಲು."

ಅಮ್ಮ ಬೈಯಲಿಲ್ಲ, ಅಳಲಿಲ್ಲ. ಲೆಕ್ಕ ತಪ್ಪಿದವಳ ಹಾಗೆ, "ಎಷ್ಟು ಹೊತ್ತಿನ ಹಾಡದು?" ಎಂದು ಕೇಳಿದಳು.

ಅಕ್ಕನಿಗೆ ಅದು ಗೊತ್ತಿತ್ತು. ದೊಡ್ಡವಳಾದ ಮೇಲೆ ರೇಡಿಯೋದ ಆ ಹಾಡನ್ನು ಹುಡುಕಿ ನೋಡಿದ್ದಳು. "ಮೂರೂವರೆ ನಿಮಿಷ" ಎಂದಳು.

ಅಮ್ಮ ಕುರ್ಚಿಯನ್ನು ಗೋಡೆಯ ಗಡಿಯಾರದ ಕಡೆ ತಿರುಗಿಸಿಕೊಂಡು ಅದರ ಮುಳ್ಳನ್ನೇ ನೋಡುತ್ತ ಕೂತಳು. ಅಕ್ಕ ಎರಡು ಸಲ ಅಮ್ಮಾ ಎಂದಳು, ತಮ್ಮ ಒಂದು ಸಲ. ಮೂರೂವರೆ ನಿಮಿಷ ಪೂರಾ ಆಗುವವರೆಗೆ ಅವಳು ಯಾರ ಕಡೆಗೂ ತಿರುಗಲಿಲ್ಲ. ಅದು ಎಷ್ಟು ದೊಡ್ಡ ಹೊತ್ತು ಎಂದು ಮೂವರಿಗೂ ಗೊತ್ತಾದದ್ದು ಅವತ್ತೇ.